ದಪ್ಪ ಕಡ್ಡಿ, ಸಣ್ಣ ಕಡ್ಡಿ

"ಮೊದ್ಲು ಒಂದು ವಿಷ್ಯ ಹೇಳ್ಬಿಡಿ ರಾಯರೇ," ಎಂದ ಏಜಾಜ್, ತುಕ್ಕು ತಿಂದ ಚಕ್ರದ ಅಂಚಿನ ಮೇಲೆ ಬೆರಳಾಡಿಸುತ್ತ. "ಸೈಡ್‌ಕಾರು ಇಟ್ಕೋತೀರೋ, ತೆಗೆಸಿಬಿಡ್ತೀರೋ?"

ಲಕ್ಷ್ಮೀನಾರಾಯಣ ರಾಯರು ಆ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. ಮಾವಿನಕಾಯಿ ಹೇರಿಕೊಂಡು ಹೊರಟಿದ್ದ ಲಾರಿಯವನನ್ನು ಕಾಡಿಬೇಡಿ, ಹಿಂದೆ ಜಾಗ ಮಾಡಿಸಿಕೊಂಡು, ಮುಳಬಾಗಿಲಿನಿಂದ ಗಾಡಿಯನ್ನು ತಂದು ಕೋಲಾರದ ಗಡಿಯಾರ ಗೋಪುರದ ಹಿಂದಿನ ಓಣಿಯಲ್ಲಿ ಇಳಿಸಿಕೊಳ್ಳುವಷ್ಟರಲ್ಲೇ ಅವರಿಗೆ ಸಾಕುಸಾಕಾಗಿತ್ತು. ಚಕ್ರ ಕಟ್ಟುವುದರಲ್ಲಿ ಏಜಾಜನದು ಜಿಲ್ಲೆಗೆಲ್ಲ ಗೊತ್ತಿದ್ದ ಕೈ. ಅವನಿಗೆ ಒಪ್ಪಿಸಿದರೆ ಮುಗಿಯಿತು ಎಂದುಕೊಂಡಿದ್ದರು.

"ಯಾಕ್ ಕೇಳ್ದೆ ಅಂದ್ರೆ, ಬರೀ ಮೋಟಾರ್ ಸೈಕಲ್ ಆದ್ರೆ ಬುಲೆಟ್ಟಿನ ಹೊಸ ರಿಮ್ಮು ಬೆಂಗ್ಳೂರಿಂದ ತರಿಸ್ತೀನಿ. ಥಳಥಳ ಅಂತದೆ. ಚಕ್ರಕ್ಕೆ ಸಣ್ಣ ಕಡ್ಡಿ ಸಾಕು. ಸೈಡ್‌ಕಾರು ಇದ್ರೆ ಅದು ನಡ್ಯಲ್ಲ, ತಿರುವಲ್ಲಿ ಭಾರ ಎಲ್ಲ ಅಡ್ಡಕ್ಕೆ ಬೀಳುತ್ತೆ. ದಪ್ಪ ಕಡ್ಡೀನೇ ಬೇಕು, ಅದನ್ನ ತಡ್ಕೊಳ್ಳೋ ಹಳೇ ಇಂಗ್ಲಿಷ್ ರಿಮ್ಮೇ ಬೇಕು. ಅದನ್ನ ಹುಡುಕ್ಬೇಕು."

ಇದೆಲ್ಲ ರಾಯರಿಗೂ ಗೊತ್ತಿದ್ದದ್ದೇ. ಆದರೆ ಹೀಗೆ ಎದುರಿಗೆ ನಿಂತು ಒಬ್ಬರು ಕೇಳುತ್ತಾರೆ, ಹೌದು ಅಥವಾ ಇಲ್ಲ ಎಂದು ತಾವು ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂಬುದು ತಲೆಗೆ ಹೊಳೆದಿರಲಿಲ್ಲ.

"ಯೋಚನೆ ಮಾಡಿ ಹೇಳ್ತೀನಿ," ಎಂದು ಛತ್ರಿ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು.

ಅದು ೧೯೮೨ರ ಬೇಸಿಗೆ. ಗಾಡಿ ಬಿ.ಎಸ್.ಎ. ಮೋಟಾರ್ ಸೈಕಲ್. ಚಿನ್ನದ ಗಣಿಯಲ್ಲಿದ್ದ ಇಂಗ್ಲಿಷ್ ಇಂಜಿನಿಯರೊಬ್ಬ ಇಪ್ಪತ್ತೈದು ವರ್ಷದ ಹಿಂದೆ ತನ್ನ ದೇಶಕ್ಕೆ ಹೊರಟಾಗ ಸೈಡ್‌ಕಾರು ಸಮೇತ ಅದನ್ನು ರಾಯರಿಗೆ ಮಾರಿ ಹೋಗಿದ್ದ. ರಾಯರು ಆಗ ರೇಷ್ಮೆ ಇಲಾಖೆಯಲ್ಲಿ ಹೊಸದಾಗಿ ಇನ್ಸ್‌ಪೆಕ್ಟರ್ ಆಗಿದ್ದರು. ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ ಎಂದು ಊರೂರು ತಿರುಗುವ ಕೆಲಸ. ಮಕ್ಕಳಾಗಲಿಲ್ಲ. "ನಾನೂ ಬರ್ಲಾ?" ಎಂದು ಹೆಂಡತಿ ಸುಂದರಾಬಾಯಿ ಒಮ್ಮೆ ಕೇಳಿದ್ದೇ ನೆಪವಾಗಿ, ಆಮೇಲೆ ಎಲ್ಲಿಗೆ ಹೋದರೂ ಆಕೆಯೂ ಹೊರಡುವುದು ರೂಢಿಯಾಯಿತು. ಬುತ್ತಿ, ನೀರಿನ ಚೊಂಬು ಕಾಲ ಬಳಿ ಇಟ್ಟುಕೊಂಡು, ಸೆರಗನ್ನು ತಲೆಗೆ ಬಿಗಿದು ಸುತ್ತಿಕೊಂಡು ಸೈಡ್‌ಕಾರಿನಲ್ಲಿ ಕೂರುತ್ತಿದ್ದರು. ತಾಯಲೂರಿನ ಕಡೆ ಜನ ಅದನ್ನು ತೊಟ್ಟಿಲು ಎನ್ನುತ್ತಿದ್ದರು. ರಾಯರು ಹೆಂಡತಿಯನ್ನು ಮಹಾರಾಣಿಯ ಹಾಗೆ ಕರೆತರುತ್ತಾರೆ ಎಂದು ಆಡಿಕೊಳ್ಳುವುದು ಕಿವಿಗೆ ಬಿದ್ದಾಗ ರಾಯರಿಗೆ ಒಳಗೊಳಗೇ ಹಿಗ್ಗು. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಮನೆಯಲ್ಲಿಯೂ ರಾಯರು ಮಾತಿನ ಮನುಷ್ಯರಲ್ಲ. ಊರು ತಲುಪಿ ಗಾಡಿ ನಿಲ್ಲಿಸಿದಾಗ ಆಕೆ ಸೆರಗಿನ ಧೂಳು ಕೊಡವಿಕೊಂಡು ನಗುತ್ತ ಇಳಿಯುತ್ತಿದ್ದರು. ಅಷ್ಟೇ ಸಾಕು ಅನ್ನಿಸುತ್ತಿತ್ತು.

ಸುಂದರಾಬಾಯಿ ಒಂದು ವರ್ಷ ಹಾಸಿಗೆ ಹಿಡಿದು, ಹೋದ ಕಾರ್ತಿಕದಲ್ಲಿ ತೀರಿಕೊಂಡರು. ಆ ವರ್ಷವೆಲ್ಲ ಗಾಡಿ ಹಿತ್ತಲಿನ ತಗಡಿನ ಚಪ್ಪರದಡಿ ನಿಂತೇ ಇತ್ತು. ತಗಡಿನ ತೂತಿನಿಂದ ಮಳೆ ನೀರು ಮೂರು ಚಕ್ರಗಳ ಮೇಲೂ ಸುರಿದದ್ದನ್ನು ಯಾರೂ ನೋಡಲಿಲ್ಲ. ಕರ್ಮಗಳೆಲ್ಲ ಮುಗಿದ ಮೇಲೆ ರಾಯರು ಮೊದಲ ಸಲ ಒಬ್ಬರೇ ತಾಯಲೂರಿಗೆ ಹೊರಟಾಗ, ಕೆರೆ ಏರಿಯ ತಿರುವಿನಲ್ಲಿ ಹಿಂದಿನ ಚಕ್ರದ ಕಡ್ಡಿಗಳು ಒಂದರ ಹಿಂದೊಂದು ತುಂಡಾದವು. ಗಾಡಿ ವಾಲಿ ನಿಂತಿತು. ಅವತ್ತು ಎತ್ತಿನ ಗಾಡಿಗೆ ಕಟ್ಟಿ ಮನೆಗೆ ಎಳೆಸಿದ್ದರು.

ಕೋಲಾರದಿಂದ ಮುಳಬಾಗಿಲಿನ ಮನೆಗೆ ಬಂದು ಬೀಗ ತೆಗೆದರೆ ಒಳಗಿನ ಕಾವು ಮುಖಕ್ಕೆ ರಾಚಿತು. ಹೆಂಡತಿ ಹೋದ ಮೇಲೆ ರಾಯರು ಅಡಿಗೆ ಮಾಡಿಕೊಳ್ಳುವುದನ್ನು ಕಲಿತಿದ್ದರು. ಅನ್ನ, ಒಂದು ಸಾರು. ಮಠದಲ್ಲಿ ಊಟಕ್ಕೆ ಬನ್ನಿ ಎಂದು ಕರೆಯುವವರಿದ್ದರು. ಹೋದರೆ ಪಂಕ್ತಿಯಲ್ಲಿ ಪಕ್ಕದವರು ಆಕೆಯ ವಿಷಯ ಎತ್ತುತ್ತಾರೆ ಎಂದು ಹೋಗುತ್ತಿರಲಿಲ್ಲ. ಮನೆಯಲ್ಲಿದ್ದರೆ ಯಾರೂ ಎತ್ತುವುದಿಲ್ಲ ಎಂಬುದೇ ಸಂಕಟವಾಗುತ್ತಿತ್ತು.

ಭಾನುವಾರ ಶ್ರೀನಿವಾಸಪುರದಲ್ಲಿದ್ದ ಅಕ್ಕ ಗುಂಡಮ್ಮನ ಮನೆಗೆ ಹೋದರು. ಅಕ್ಕ ಹುಣಸೆಹಣ್ಣಿನ ನಾರು ಬಿಡಿಸುತ್ತ ಪಡಸಾಲೆಯಲ್ಲಿ ಕೂತಿದ್ದರು. ರಾಯರು ಚಕ್ರದ ವಿಷಯ ಹೇಳಿದರು.

"ತೆಗೆಸಿ ಬಿಸಾಕೋ ಲಚ್ಚು. ಅದ್ರಲ್ಲಿ ಇನ್ ಯಾರು ಕೂತ್ಕೋಬೇಕು?"

"ನೀನು ಬಂದ್ರೆ ಕೂರಿಸ್ಕೊಂಡು ಹೋಗ್ತೀನಿ ಅಕ್ಕಾ."

ಗುಂಡಮ್ಮ ನಕ್ಕುಬಿಟ್ಟರು. ತಮ್ಮನ ಮುಖ ನೋಡಿದ ಮೇಲೆ ನಗು ನಿಲ್ಲಿಸಿ, "ನನಗೆ ಮಂಡಿ ಮಡಚಕ್ಕೆ ಬರಲ್ಲ ಕಣೋ," ಎಂದರು. ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು.

ಅಕ್ಕನ ಮಾತು ಸರಿಯೇ ಎಂದು ವಾಪಸ್ ಬರುವ ಬಸ್ಸಿನಲ್ಲಿ ರಾಯರಿಗೆ ಅನ್ನಿಸಿತು. ಸಣ್ಣ ಕಡ್ಡಿ, ಹೊಳೆಯುವ ರಿಮ್ಮು, ಎರಡೇ ಚಕ್ರ. ಮರುದಿನ ಕೋಲಾರಕ್ಕೆ ಹೋಗಿ ಹಾಗೆಯೇ ಹೇಳಬೇಕೆಂದು ಏಜಾಜನ ಶೆಡ್ಡಿನ ಬಾಗಿಲವರೆಗೂ ಹೋದರು. ಒಳಗೆ ಸೈಡ್‌ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಸುಂದರಾಬಾಯಿ ಕೂತು ಕೂತು ಸೀಟಿನ ರೆಕ್ಸಿನ್ ಒಂದು ಕಡೆ ತಗ್ಗಾಗಿತ್ತು.

"ಆ ಇಂಗ್ಲಿಷ್ ರಿಮ್ಮು ಎಲ್ಲಿ ಹುಡುಕ್ಬೇಕು?" ಎಂದರು.

ಏಜಾಜ್ ತಲೆ ಕೆರೆದುಕೊಂಡ. "ಮಾಲೂರಲ್ಲಿ ಮುನಿರಾಮಪ್ಪ ಅಂತ ಹೆಂಚಿನ ಫ್ಯಾಕ್ಟರಿಯೋರು ಇದಾರಲ್ಲ, ಅವ್ರತ್ರ ಇಂಥದ್ದೇ ಗಾಡಿ ಇತ್ತು. ಜೀಪ್ ತಗೊಂಡ್ಮೇಲೆ ಮೂಲೆಗೆ ಹಾಕಿದಾರೆ. ಚಕ್ರ ಚೆನ್ನಾಗಿದ್ರೂ ಇರ್ಬೋದು."

ಮುನಿರಾಮಪ್ಪ ರಾಯರಿಗೆ ಗೊತ್ತಿದ್ದವರೇ. ಫ್ಯಾಕ್ಟರಿಯ ಹಿಂದೆ ಅವರದೊಂದು ಹಿಪ್ಪುನೇರಳೆ ತೋಟವಿತ್ತು. ವರ್ಷಕ್ಕೆ ಕೆಲವು ಸಲ ರಾಯರು ಅಲ್ಲಿಗೆ ಹೋಗುತ್ತಿದ್ದರು. ಅವರು ಯಜಮಾನರ ಜೊತೆ ತೋಟ ಸುತ್ತುವಾಗ ಸುಂದರಾಬಾಯಿ ಮನೆಯೊಳಗೆ ಮುನಿರಾಮಪ್ಪನವರ ಹೆಂಡತಿ ಶಾಮಲಮ್ಮನ ಹತ್ತಿರ ಕೂತಿರುತ್ತಿದ್ದರು. ತೋಟ ಕಿತ್ತು ನೀಲಗಿರಿ ಹಾಕಿದ ಮೇಲೆ ಆ ಕಡೆ ಹೋಗುವುದು ನಿಂತುಹೋಗಿತ್ತು.

ಮಾಲೂರಿಗೆ ಹೋದಾಗ ಮುನಿರಾಮಪ್ಪ ಸುಡುವ ಗೂಡಿನ ಮುಂದೆ ನಿಂತು ಹೆಂಚು ಎಣಿಸಿಕೊಡುತ್ತಿದ್ದರು. ರಾಯರು ಬಂದ ಕಾರಣ ಕೇಳಿ, "ಅದಕ್ಕೇನಂತೆ, ಬಿಚ್ಚಿಸ್ಕೊಂಡು ಹೋಗಿ. ಸುಮ್ನೆ ಬಿದ್ದದೆ," ಎಂದು ಹಿತ್ತಲಿಗೆ ಕರೆದುಕೊಂಡು ಹೋದರು. ಗಾಡಿ ಒಂದು ಕಡೆ, ಅದರ ಸೈಡ್‌ಕಾರು ಇನ್ನೊಂದು ಕಡೆ. ಸೈಡ್‌ಕಾರಿನಲ್ಲಿ ಹುಲ್ಲು ಹಾಸಿ ಕೋಳಿ ಕಾವಿಗೆ ಕೂರಿಸಿದ್ದರು. ರಿಮ್ಮುಗಳ ಬಣ್ಣ ಹೋಗಿತ್ತು, ಕಬ್ಬಿಣ ಮಾತ್ರ ಗಟ್ಟಿಯಾಗಿತ್ತು. ರಾಯರು ಮೂರನ್ನೂ ಉಗುರಿನಿಂದ ಕೆರೆದು ನೋಡಿ, ತಟ್ಟಿ ಸದ್ದು ಕೇಳಿ, ಆಗುತ್ತದೆ ಎಂದರು. ಮುನಿರಾಮಪ್ಪ ಫ್ಯಾಕ್ಟರಿಯ ಆಳೊಬ್ಬನನ್ನು ಬಿಚ್ಚಲು ಹಚ್ಚಿ, ಲಾರಿ ಬಂತೆಂದು ಗೂಡಿನ ಕಡೆ ಹೋದರು.

ಶಾಮಲಮ್ಮ ಹಾಲು, ಎರಡು ಬಾಳೆಹಣ್ಣು ತಂದಿಟ್ಟರು. "ಅಮ್ಮಾವ್ರನ್ನ ಯಾಕ್ ಕರ್ಕೊಂಡ್ ಬರ್ಲಿಲ್ಲ ಸ್ವಾಮಿ?"

ರಾಯರು ಹೇಳಿದರು.

ಶಾಮಲಮ್ಮ ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ಎಂಥಾ ಒಳ್ಳೆ ಜೀವ," ಎಂದರು ಕೊನೆಗೆ. "ಪಾಪ, ಆ ಗಾಡೀಲಿ ಬರಕ್ಕೆ ಎಷ್ಟ್ ಹೆದರ್ತಿದ್ರು."

"ಹೆದರ್ತಿದ್ಲಾ? ಯಾಕೆ?"

ಶಾಮಲಮ್ಮ ತಾನು ಆಡಬಾರದ್ದು ಆಡಿಬಿಟ್ಟೆನೇನೋ ಎಂಬಂತೆ ನೋಡಿದರು. ರಾಯರು ಹಾಲಿನ ಲೋಟ ಕೆಳಗಿಟ್ಟು ಕಾದರು.

"ನಿಮ್ಗೆ ಹೇಳಿರ್ಲಿಲ್ವಾ? ದಾರಿ ಉದ್ದಕ್ಕೂ ಕಣ್ ಮುಚ್ಕೊಂಡೇ ಬರ್ತಿದ್ರಂತೆ. ಮುಂದೆ ಒಂದು ಕಂಬಿ ಇದೆಯಲ್ಲ, ಅದನ್ನ ಹಿಡ್ಕೊಂಡೂ ಹಿಡ್ಕೊಂಡೂ ಅಂಗೈ ಕೆಂಪಗೆ ಬಾತ್ಕೊಂಡಿರ್ತಿತ್ತು. ನಾನೇ ಕೊಬ್ರಿ ಎಣ್ಣೆ ಹಚ್ಚಿದ್ದೀನಿ ಎಷ್ಟೋ ಸಲ. ಅಷ್ಟ್ ಭಯ ಇದ್ರೆ ಯಾಕ್ ಬರ್ತೀರಮ್ಮಾ, ಮನೇಲಿ ಇರ್ಬಾರ್ದಾ ಅಂತ ಕೇಳ್ದೆ. ಆ ಮನೇಲಿ ಒಬ್ಳೇ ಬಾಗ್ಲು ಹಾಕ್ಕೊಂಡು ಕೂತ್ಕೊಳ್ಳೋದಕ್ಕಿಂತ ಈ ಭಯಾನೇ ವಾಸಿ ಶಾಮಲಾ ಅಂದ್ರು."

ರಾಯರು ಲೋಟ ಎತ್ತಿಕೊಂಡರು. ಹಾಲು ಕುಡಿದು ಮುಗಿಸಿದರು. ಬಾಳೆಹಣ್ಣು ಮರೆತು ಎದ್ದರು. ಶಾಮಲಮ್ಮನೇ ಅವನ್ನು ಅವರ ಚೀಲಕ್ಕೆ ಹಾಕಿದರು.

ರಿಮ್ಮುಗಳನ್ನು ಹಗ್ಗದಿಂದ ಕಟ್ಟಿ ಬಸ್ಸಿನ ಮೇಲೆ ಹಾಕಿಸಿ, ಕಿಟಕಿಯ ಪಕ್ಕ ಕೂತರು. ಮೊದಲು ಬಂದದ್ದು ಸಿಟ್ಟು. ಮಾಲೂರಿನ ಶಾಮಲಮ್ಮನಿಗೆ ಹೇಳಬಹುದಾದದ್ದು ತಮಗೆ ಹೇಳಲಿಲ್ಲವಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಒಂದೇ ಗಾಡಿಯಲ್ಲಿ ಓಡಾಡಿ. ಬಸ್ಸು ದೊಡ್ಡ ರಸ್ತೆಗೆ ಬಂದು ನರಸಾಪುರದಲ್ಲಿ ನಿಂತಾಗ ಒಬ್ಬ ಹೆಂಗಸು ಕೋಳಿಗಳ ಬುಟ್ಟಿ ಹೊತ್ತು ಹತ್ತಿದಳು. ರಾಯರು ಸರಿದು ಜಾಗ ಕೊಟ್ಟರು. ಭಯವಾಗುತ್ತದೆಯೇ ಎಂದು ತಾವು ಎಂದಾದರೂ ಕೇಳಿದ್ದುಂಟೇ ಎಂದು ನೆನೆಸಿಕೊಳ್ಳಲು ನೋಡಿದರು. ಗಾಡಿಯ ಬಗ್ಗೆ ಆಕೆಗೆ ಎಷ್ಟೋ ಹೇಳಿದ್ದರು. ಕೇಳಿದ್ದು ಒಂದೂ ನೆನಪಿಗೆ ಬರಲಿಲ್ಲ.

ರಿಮ್ಮುಗಳನ್ನು ಬೆಳಕಿಗೆ ಹಿಡಿದು ನೋಡಿ ಏಜಾಜ್ ತಲೆದೂಗಿದ. "ಹಂಗಾರೆ ಸೈಡ್‌ಕಾರು ಇರುತ್ತೆ."

"ಇರ್ಲಿ. ದಪ್ಪ ಕಡ್ಡೀನೇ ಹಾಕಿ."

"ಬಣ್ಣ?"

"ಕಪ್ಪು. ಹೊಳೆಯೋದು ಬೇಡ."

ರಾಯರು ರಜೆ ಹಾಕಿ ದಿನಾ ಕೋಲಾರಕ್ಕೆ ಹೋಗಿ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂರತೊಡಗಿದರು. ಏಜಾಜ್ ಬೇಡವೆನ್ನಲಿಲ್ಲ. ಚಕ್ರದ ನಡುವಿನ ಹಳೆ ಹಬ್ಬಿಗೆ ಹೊಸ ಕಡ್ಡಿಗಳನ್ನು ಒಂದು ಒಳಗಿನಿಂದ, ಒಂದು ಹೊರಗಿನಿಂದ ಪೋಣಿಸಿ, ಒಂದರ ಮೇಲೊಂದು ಹಾಯಿಸಿ ರಿಮ್ಮಿಗೆ ಕೂರಿಸುತ್ತಿದ್ದ. ಆಮೇಲೆ ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ತಿರುಗಿಸಿ, ಸೀಮೆಸುಣ್ಣದ ತುಂಡನ್ನು ಅಂಚಿನ ಹತ್ತಿರ ಹಿಡಿಯುತ್ತಿದ್ದ. ಎಲ್ಲಿ ಗುರುತು ಬೀಳುತ್ತದೋ ಅಲ್ಲಿ ರಿಮ್ಮು ಸೊಟ್ಟ. ಅಲ್ಲಿಯ ಕಡ್ಡಿ ಸ್ವಲ್ಪ ಸಡಿಲ, ಎದುರಿನದು ಸ್ವಲ್ಪ ಬಿಗಿ. ಮತ್ತೆ ತಿರುಗಿಸುವುದು. ಕೆಲಸ ಮಾಡುವಾಗ ಅವನು ಮಾತಾಡುತ್ತಿರಲಿಲ್ಲ. ಒಬ್ಬ ಮನುಷ್ಯ ಒಂದು ಕೆಲಸದಲ್ಲಿ ಮುಳುಗಿರುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರುವುದು ಹೇಗಿರುತ್ತದೆ ಎಂಬುದು ರಾಯರಿಗೆ ಹೊಸದು. ಮಧ್ಯಾಹ್ನದ ಹೊತ್ತಿಗೆ, ಅವನು ಒಂದು ಸಲ ತಲೆ ಎತ್ತಿ ನೋಡಲಿ ಎನ್ನಿಸುತ್ತಿತ್ತು.

ಮೂರು ಚಕ್ರವೂ ಮುಗಿದು, ಸೈಡ್‌ಕಾರನ್ನು ಮತ್ತೆ ಜೋಡಿಸಿದ ದಿನ ಏಜಾಜ್ ಕೈ ಒರೆಸಿಕೊಳ್ಳುತ್ತ ಬಂದ. "ನೀವು ಓಡ್ಸಿ ರಾಯರೇ. ನಾನು ಪಕ್ಕದಲ್ಲಿ ಕೂತು ಚಕ್ರ ಹೆಂಗ್ ಓಡ್ತದೆ ನೋಡ್ತೀನಿ."

"ಬೇಡ. ನೀವೇ ಓಡ್ಸಿ. ನಾನು ಕೂತ್ಕೋತೀನಿ."

"ನೀವಾ? ಅದ್ರಲ್ಲಾ?"

ಆಗಲೇ ರಾಯರು ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಕಾಲಿಟ್ಟಿದ್ದರು. ಗಾಡಿ ಕೊಂಡ ಮೇಲೆ ಅವರು ಅದರಲ್ಲಿ ಕೂತದ್ದು ಅದೇ ಮೊದಲು. ಸೀಟು ಎಷ್ಟು ಕೆಳಗಿದೆಯೆಂಬುದು ಕೂತಾಗಲೇ ತಿಳಿಯಿತು. ಕಾಲು ಚಾಚಿದರೆ ಮುಂದಿನ ತಗಡಿಗೆ ತಾಗುತ್ತಿತ್ತು. ಮಡಚಿದರೆ ಮಂಡಿ ಎದೆಗೆ ಬರುತ್ತಿತ್ತು.

ಏಜಾಜ್ ಸುಗಟೂರಿನ ದಾರಿ ಹಿಡಿದ. ಊರು ದಾಟುವವರೆಗೆ ಪರವಾಗಿರಲಿಲ್ಲ. ಆಮೇಲೆ ಅವನು ವೇಗ ಕೊಟ್ಟ. ರಸ್ತೆಯ ಅಂಚು ರಾಯರ ಎಡ ಮೊಣಕೈಯ ಕೆಳಗೇ ಓಡತೊಡಗಿತು. ಅದರಾಚೆ ನೇರ ಹಳ್ಳ. ಮೈಲಿಗಲ್ಲುಗಳು ತಲೆಯ ಮಟ್ಟಕ್ಕೆ ಬಂದು ಸರ್ರನೆ ಹಾದುಹೋದವು. ಮೇಲೆ ಕೂತು ಓಡಿಸುವಾಗ ರಸ್ತೆ ಮುಂದೆ ಹರಡಿಕೊಂಡಿರುತ್ತಿತ್ತು. ಇಲ್ಲಿ ಮೈಗೆ ಬಂದು ಬೀಳುತ್ತಿತ್ತು. ಮುಂದೆ ಸೊಪ್ಪು ಹೇರಿದ ಎತ್ತಿನ ಗಾಡಿಯೊಂದು ಹೋಗುತ್ತಿತ್ತು. ಏಜಾಜ್ ಅದನ್ನು ದಾಟಿಸಿದ. ಅವನ ಲೆಕ್ಕಕ್ಕೆ ಬೇಕಾದಷ್ಟು ಜಾಗವಿತ್ತು. ಆದರೆ ಆ ಎತ್ತಿನ ಗಾಡಿಯ ಅಚ್ಚಿನ ಕಬ್ಬಿಣದ ಮೊನೆ ರಾಯರ ಕಿವಿಯ ಪಕ್ಕದಲ್ಲೇ ತಿರುಗುತ್ತ ಹೋಯಿತು. "ನಿಧಾನ," ಎಂದರು. ತಮ್ಮ ದನಿ ತಮಗೇ ಕೇಳಲಿಲ್ಲ. ತಲೆ ಎತ್ತಿದರೆ ಏಜಾಜನ ಎಡಗಾಲು, ಅದರ ಮೇಲೆ ಗಾಳಿಗೆ ಉಬ್ಬಿದ ಅಂಗಿ. ಅವನ ಕಣ್ಣು ದೂರದಲ್ಲೆಲ್ಲೋ ಇತ್ತು. ಎಡ ತಿರುವಿನಲ್ಲಿ ಸೀಟು ಕೆಳಗಿನಿಂದ ಯಾರೋ ಎತ್ತಿದ ಹಾಗೆ ಮೇಲಕ್ಕೆದ್ದು, ಒಂದು ಕ್ಷಣ ತೇಲಿ, ಧಡ್ಡನೆ ಕೆಳಗೆ ಕೂತಿತು. ರಾಯರು ಇನ್ನೊಂದು ಸಲ ಕೂಗಿದರು. ಆಮೇಲೆ ಕೂಗಲಿಲ್ಲ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡರು.

ಗಾಡಿ ತಿರುಗಿ ಬಂದು ಶೆಡ್ಡಿನ ಮುಂದೆ ನಿಂತಾಗ ಏಜಾಜನ ಮುಖ ಅರಳಿತ್ತು. "ಒಂಚೂರೂ ಅಲುಗ್ಲಿಲ್ಲ ನೋಡಿ. ಹೆಂಗಿತ್ತು ರಾಯರೇ?"

ರಾಯರು ಕಂಬಿ ಬಿಟ್ಟು ಎದ್ದರು. ಪಂಚೆಯ ಧೂಳು ಕೊಡವಿದರು. "ಚೆನ್ನಾಗಿತ್ತು," ಎಂದು ನಕ್ಕರು.

ಹೇಳಿದ್ದು ಕಿವಿಗೆ ಬಿದ್ದೊಡನೆ ಅವರು ನಿಂತಲ್ಲೇ ನಿಂತರು. ಎಷ್ಟು ಸುಲಭವಾಗಿ ಬಂದಿತ್ತು ಆ ನಗು. ಅಷ್ಟು ಕಷ್ಟಪಟ್ಟು ಚಕ್ರ ಕಟ್ಟಿದವನು, ಅಷ್ಟು ಸಂತೋಷದಲ್ಲಿದ್ದಾನೆ, ಅವನಿಗೆ ಬೇರೆ ಏನು ಹೇಳುವುದು?

ಏಜಾಜ್ ಆಗಲೇ ಒಳಗೆ ಹೋಗಿ ಮುಖ ತೊಳೆಯುತ್ತಿದ್ದ. ರಾಯರು ಬಾಗಿಲವರೆಗೆ ಹೋಗಿ, "ಏಜಾಜ್, ಇಲ್ಲ. ಚೆನ್ನಾಗಿರ್ಲಿಲ್ಲ," ಎಂದರು. "ತುಂಬಾ ಭಯ ಆಯ್ತು ನನಗೆ."

ಅವನು ಒದ್ದೆ ಮುಖದಲ್ಲೇ ತಿರುಗಿ ನೋಡಿದ. "ಕೂಗ್ಬೇಕಿತ್ತು ರಾಯರೇ. ನಿಧಾನಕ್ಕೆ ಓಡಿಸ್ತಿದ್ದೆ."

"ಕೂಗ್ದೆ. ನಿಮಗೆ ಕೇಳಿಸ್ಲಿಲ್ಲ."

ಏಜಾಜ್ ಮುಖ ಒರೆಸಿಕೊಂಡು ಬಂದ. ಸ್ಟೂಲನ್ನು ಎಳೆದು ಹಾಕಿದ. ರಾಯರು ಕೂತರು. ಅವರ ಅಂಗೈಗಳಲ್ಲಿ ಕಂಬಿಯ ಗುರುತು ಕೆಂಪಗೆ ಬಿದ್ದಿತ್ತು. ಅದನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದರು. ಹೆಂಡತಿ ಹೋದಾಗ, ಬಂದವರೆಲ್ಲ ಇದ್ದಾಗ ಬಾರದಿದ್ದ ಅಳು ಆ ಎಣ್ಣೆಯ ವಾಸನೆಯ ಶೆಡ್ಡಿನಲ್ಲಿ ಬಂತು. ಏಜಾಜ್ ಹೊರಗೆ ಹೋಗಿ, ಮುಗಿದಿದ್ದ ಚಕ್ರದ ಕಡ್ಡಿಗಳನ್ನೇ ಮತ್ತೆ ಒಂದೊಂದಾಗಿ ಮುಟ್ಟಿ ನೋಡುತ್ತ ನಿಂತ.

ಗಾಡಿ ಮತ್ತೆ ಮುಳಬಾಗಿಲಿಗೆ ಬಂತು. ರಾಯರು ಮತ್ತೆ ತೋಟ, ಹುಳುಮನೆ ಎಂದು ತಿರುಗತೊಡಗಿದರು. ಖಾಲಿ ಸೈಡ್‌ಕಾರು ತಿರುವಿನಲ್ಲಿ ಏಳದಿರಲೆಂದು ಅದರಲ್ಲಿ ಒಂದು ಮರಳಿನ ಮೂಟೆ ಇಟ್ಟುಕೊಳ್ಳುತ್ತಿದ್ದರು. ಬೇಗ ಓಡಿಸುವುದನ್ನು ಬಿಟ್ಟುಬಿಟ್ಟಿದ್ದರು. ಬಸ್ಸು, ಲಾರಿ, ಹಾಲಿನ ಕ್ಯಾನು ಕಟ್ಟಿದ ಲೂನಾಗಳೂ ಅವರನ್ನು ದಾಟಿ ಹೋಗುತ್ತಿದ್ದವು.

ಮಳೆಗಾಲ ಮುಗಿಯುತ್ತಿದ್ದ ಒಂದು ಸಂಜೆ ತಾಯಲೂರಿನಲ್ಲಿ ಕೆಲಸ ಮುಗಿಸಿ ಹೊರಟಾಗ, ಬಸ್ಸು ತಪ್ಪಿಸಿಕೊಂಡ ವೆಂಕಟರತ್ನಮ್ಮ ಎಂಬ ಹುಳು ಸಾಕುವ ಮುದುಕಿ ಅರಳಿಕಟ್ಟೆಯ ಮೇಲೆ ಕೂತಿದ್ದಳು. ದಾರಿಯಲ್ಲಿರುವ ಹಳ್ಳಿಯಲ್ಲಿ ಮಗಳ ಮನೆ, ಅಲ್ಲಿಯವರೆಗೆ ಬಿಡುತ್ತೀರಾ ಎಂದು ಕೇಳಿದಳು. ರಾಯರು ಸ್ವಲ್ಪ ಹಿಂದೆಮುಂದೆ ನೋಡಿ, ಮರಳಿನ ಮೂಟೆಯನ್ನು ಕಟ್ಟೆಯ ಹತ್ತಿರ ಇಳಿಸಿ, ಸೀಟು ಒರೆಸಿ ಕೂರಿಸಿಕೊಂಡರು. ಮುದುಕಿ ತೊಡೆಯ ಮೇಲೆ ಬದನೆಕಾಯಿ ಬುಟ್ಟಿ ಇಟ್ಟುಕೊಂಡು, ಅವರಿಗೆ ಕೇಳಲಿ ಬಿಡಲಿ, ಏನೇನೋ ಹೇಳುತ್ತಲೇ ಇದ್ದಳು.

ಸ್ವಲ್ಪ ದೂರ ಹೋಗಿ ರಾಯರು ಗಾಡಿ ನಿಲ್ಲಿಸಿದರು. "ಭಯ ಆಗ್ತಿದ್ಯೇನಮ್ಮಾ?"

"ಭಯ ಎಂತದು ಸಾಮೀ? ಹೋಗಿ."

ಕೆರೆ ಏರಿಯ ತಿರುವು ಬರುವ ಮುಂಚೆ ಮತ್ತೆ ನಿಲ್ಲಿಸಿದರು. "ಇಲ್ಲಿ ಒಂಚೂರು ಎತ್ತಿ ಹಾಕುತ್ತೆ. ಕಂಬಿ ಹಿಡ್ಕೊಳ್ಳಿ. ಬೇಡ ಅನ್ಸಿದ್ರೆ ಕೈ ಎತ್ತಿ, ನಾನು ನೋಡ್ತಾ ಇರ್ತೀನಿ."

"ಅಯ್ಯೋ ನಡೀರಿ ಸಾಮೀ," ಎಂದಳು ಮುದುಕಿ. "ಸೈಕಲ್ಲೋರೆಲ್ಲ ದಾಟ್ಕೊಂಡ್ ಹೋದ್ರು. ಮಗ್ಳು ದೀಪ ಹಚ್ಕೊಂಡ್ ಕಾಯ್ತಿರ್ತಾಳೆ."

ಅವಳ ಹಳ್ಳಿಯ ಮುಂದೆ ಮೊಮ್ಮಕ್ಕಳು ಓಡಿ ಬಂದು ಬುಟ್ಟಿ ಇಸಿದುಕೊಂಡರು. ಮುದುಕಿ ಮಕ್ಕಳ ಜೊತೆ ಮಾತಾಡುತ್ತ ಓಣಿಯೊಳಗೆ ಹೋದಳು. ರಾಯರು ಮತ್ತೆ ರಸ್ತೆಗೆ ಬಂದರು. ಮೊದಲನೆಯ ತಿರುವಿನಲ್ಲೇ ಸೈಡ್‌ಕಾರು ಎದ್ದಿತು. ಮರಳಿನ ಮೂಟೆ ತಾಯಲೂರಿನಲ್ಲೇ ಉಳಿದದ್ದು ಆಗ ನೆನಪಾಯಿತು.

ಗಾಡಿ ನಿಲ್ಲಿಸಿ ಇಳಿದರು. ರಸ್ತೆ ರಿಪೇರಿಗೆಂದು ಒಟ್ಟಿದ್ದ ಜಲ್ಲಿಯ ಆಚೆ ದಪ್ಪ ಕಲ್ಲುಗಳು ಬಿದ್ದಿದ್ದವು. ಅವನ್ನು ಒಂದೊಂದಾಗಿ ಎತ್ತಿ ತಂದು, ರೆಕ್ಸಿನ್ ಹರಿಯದ ಹಾಗೆ ಮೆಲ್ಲಗೆ ಸೀಟಿನ ಮೇಲೆ ಇಡತೊಡಗಿದರು. ಹಾದುಹೋಗುತ್ತಿದ್ದ ಸೈಕಲ್ಲಿನವನೊಬ್ಬ ಕಾಲೂರಿ ನಿಂತು, "ಏನಾಯ್ತು ರಾಯರೇ?" ಎಂದ.

"ಏನಿಲ್ಲಪ್ಪ," ಎಂದರು ರಾಯರು. "ಪಕ್ಕದಲ್ಲಿ ಯಾರೂ ಇಲ್ಲ."

ಅವನಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿ ಪೆಡಲ್ ತುಳಿದ. ರಾಯರು ಇನ್ನೂ ಎರಡು ಕಲ್ಲು ತಂದಿಟ್ಟು, ಸೈಡ್‌ಕಾರನ್ನು ಕೈಯಿಂದ ಅದುಮಿ ನೋಡಿ, ಗಾಡಿ ಹತ್ತಿದರು.